ಬೆನ್ನುಜ್ಜುವ ಮಲ್ಸುನ್‌ಗೆ ಗೆಳತಿಯರ ಕರುಳಿನ ಚಿಂತೆ

ಬೆಳಗಿನ ಐದು ಗಂಟೆ. ತೊಂಗ್ಯಂಗ್ ಬಂದರಿನ ದೋಣಿಗಳು ಇನ್ನೂ ಕತ್ತಲಲ್ಲಿವೆ. ಸಂತೆ ಓಣಿಯ ತುದಿಯಲ್ಲಿರುವ ಹೆಂಗಸರ ಸ್ನಾನಗೃಹದಲ್ಲಿ ಮಾತ್ರ ಆಗಲೇ ಹಬೆ ತುಂಬಿದೆ, ಮಾತು ತುಂಬಿದೆ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತ ವ್ಯಾಪಾರಿ ಹೆಂಗಸರು ನಿನ್ನೆಯ ಗಿರಾಕಿಗಳನ್ನು ಬೈಯುತ್ತಿದ್ದಾರೆ. ಗೋಡೆಯ ಪಕ್ಕದ ಎತ್ತರದ ಮಂಚದ ಮೇಲೆ ಕಡಲಪಾಚಿ ಮಾರುವಾಕೆಯೊಬ್ಬರು ಬೋರಲು ಮಲಗಿದ್ದಾರೆ. ಮೈಮೇಲೆ ನೂಲೆಳೆಯೂ ಇಲ್ಲ. ಕೈಗೆ ಹಸಿರು ಒರಟು ಬಟ್ಟೆಯ ಚೀಲ ತೊಟ್ಟು, ಹೆಗಲಿನಿಂದ ಸೊಂಟದವರೆಗೆ ಒಂದೇ ಎಳೆತಕ್ಕೆ ಅವರ ಬೆನ್ನು ಉಜ್ಜುತ್ತಿರುವವರು ಓಕ್ ಮಲ್ಸುನ್. ವಯಸ್ಸು ಅರವತ್ತು ದಾಟಿದೆ, ಮೇಲಿಂದ ಕೆಳಗಿನವರೆಗೆ ಕಪ್ಪು ಒಳಉಡುಪು. ಈ ಕೆಲಸದವರ ಸಮವಸ್ತ್ರವೇ ಅದು.

"ಈ ವರ್ಷ ಕೊಟ್ಟು ಬಂದ್ಯಾ?" ಎಂದು ಮಲ್ಸುನ್ ಕೇಳುತ್ತಾರೆ.

"ಏನನ್ನ?"

"ದಿನಾ ಬೆಳಿಗ್ಗೆ ಎದ್ದು ನೀರಿಗೆ ಬಿಡ್ತೀಯಲ್ಲ, ಅದನ್ನ. ಒಂದು ಕಡ್ಡಿಯ ತುದೀಲಿ ಹಿಡಿಯೋಷ್ಟು ಸಾಕು."

"ಥೂ, ಮೈ ಉಜ್ಜಿಸ್ಕೊಳ್ಳೋವಾಗ ಇಂಥದ್ದೆಲ್ಲ ಮಾತಾಡ್ತಾರಾ ಚಿಕ್ಕಮ್ಮ?"

"ಮತ್ತೆ ಯಾವಾಗ ಮಾತಾಡ್ಲಿ? ಬಟ್ಟೆ ಹಾಕ್ಕೊಂಡ್ರೆ ನೀನು ಓಡಿಹೋಗ್ತೀಯ."

ಇಷ್ಟು ಹೇಳಿ ಸೊಂಟದ ಮೇಲೆ ಅಂಗೈಯಿಂದ ಪಟಪಟ ಎಂದು ಎರಡು ಏಟು. ಕಡಲಪಾಚಿಯಾಕೆ ಮಗ್ಗುಲು ತಿರುಗುತ್ತಾರೆ. ಇಲ್ಲಿ ತಿರುಗು, ಕೈ ಎತ್ತು ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ. ಏಟು ಬಿತ್ತೆಂದರೆ ತಿರುಗಬೇಕು. ಮೀನು ಹರಾಜಿನಲ್ಲಿ ಗಂಡಸರ ಜೊತೆ ಸಮಸಮ ಕೂಗಾಡಿ ಬರುವ ಹೆಂಗಸರೂ ಈ ಮಂಚದ ಮೇಲೆ ಹೇಳಿದ ಮಾತು ಕೇಳುವ ಮಕ್ಕಳಾಗುತ್ತಾರೆ. ಈ ಅಧಿಕಾರವನ್ನು ಮಲ್ಸುನ್ ಒಂದೇ ಒಂದು ಕೆಲಸಕ್ಕೆ ಧಾರಾಳವಾಗಿ ಬಳಸಿಕೊಳ್ಳುತ್ತಾರೆ. ಐವತ್ತು ದಾಟಿದ ಯಾರೇ ಮಲಗಲಿ, ಕರುಳಿನ ಕ್ಯಾನ್ಸರ್ ತಪಾಸಣೆಗೆ ಹೋಗುತ್ತೇನೆಂದು ಬಾಯಿಬಿಟ್ಟು ಒಪ್ಪುವವರೆಗೆ ಅವರು ಕಾಲಿನ ಹಿಮ್ಮಡಿಗೆ ಬರುವುದಿಲ್ಲ. ಹಿಮ್ಮಡಿ ಉಜ್ಜಿಸಿಕೊಳ್ಳದೆ ಎದ್ದು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ.

ಮಲ್ಸುನ್ ಪಕ್ಕದ ದ್ವೀಪದಿಂದ ಮದುವೆಯಾಗಿ ಬಂದವರು. ಗಂಡ ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಈ ಕೆಲಸ ಹಿಡಿದರು. ಈಗ ಗಂಡ ಇಲ್ಲ. ಮಗಳು ಬೂಸಾನಿನಲ್ಲಿ ಇದ್ದಾಳೆ. ದಿನಕ್ಕೆ ಹತ್ತು ಹದಿನೈದು ಮೈಗಳು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಮಣಿಕಟ್ಟು ಊದಿಕೊಂಡಿರುತ್ತದೆ, ಬೆರಳ ಸಂದಿಗಳು ಸದಾ ನೆಂದು ಬಿಳಿಚಿರುತ್ತವೆ. ಮನೆಮನೆಯಲ್ಲೂ ಬಿಸಿನೀರು ಬಂದ ಮೇಲೆ ಹರೆಯದವರು ಇತ್ತ ಸುಳಿಯುವುದು ಕಡಿಮೆ. "ವಯಸ್ಸಾದ ಚರ್ಮಾನೇ ಒಳ್ಳೇದು ಬಿಡಮ್ಮ. ನಿನ್ನಂಥೋರ ಮೈ ಉಜ್ಜಿದ್ರೆ ಏನೂ ಬರಲ್ಲ, ಕೆಲಸ ಮಾಡಿದ ಹಾಗೇ ಅನ್ನಿಸಲ್ಲ" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನ ತೋಳು ಹಿಡಿದು ನೋಡಿ ಬೇಸರಪಡುತ್ತಾರೆ. ಹಬೆಯಲ್ಲಿ ಪುಸ್ತಕ ಪೆನ್ನಿಗೆ ಜಾಗವಿಲ್ಲ. ಮಾತನಾಡಬೇಕೆಂದರೆ ಮಂಚದ ಮೇಲೆ ಮಲಗುವುದೊಂದೇ ದಾರಿ.

ತಪಾಸಣೆಯ ಹುಚ್ಚು ಎಲ್ಲಿಂದ ಹತ್ತಿತು ಎಂಬ ಪ್ರಶ್ನೆಗೆ ಅವರ ಕೈ ನಿಲ್ಲುವುದಿಲ್ಲ, ವೇಗ ಮಾತ್ರ ತಗ್ಗುತ್ತದೆ.

"ನನ್ನ ಒಡಹುಟ್ಟಿದ ಅಕ್ಕ ವಾರ ವಾರ ಇಲ್ಲಿಗೇ ಬರೋಳು. ನಾನೇ ಉಜ್ಜುತಿದ್ದೆ. ಬರ್ತಾ ಬರ್ತಾ ಬೆನ್ನಿನ ಮೂಳೆ ಕೈಗೆ ಸಿಗೋಕೆ ಶುರುವಾಯ್ತು. ಸಣ್ಣ ಆಗಿದೀಯ, ಚೆನ್ನಾಗಿ ಕಾಣ್ತೀಯ ಅಂದೆ. ಅಷ್ಟೇ ಅಂದೆ. ಅವಳೂ ನಕ್ಕಳು. ರಕ್ತ ಹೋಗ್ತಿದ್ದದ್ದು ಅವಳಿಗೆ ಗೊತ್ತಿತ್ತು. ಮೂಲವ್ಯಾಧಿ ಅಂದ್ಕೊಂಡು ಸುಮ್ಮನಿದ್ದಳು. ಗೊತ್ತಾಗೋ ಹೊತ್ತಿಗೆ ಯಾರ ಕೈಲೂ ಏನೂ ಉಳಿದಿರ್ಲಿಲ್ಲ." ಆಮೇಲೆ, "ಆ ಕಡೆ ತಿರುಗು" ಎನ್ನುವ ಬದಲು ಎರಡು ಏಟು.

ಸರ್ಕಾರದ ಲೆಕ್ಕದಲ್ಲಿ ಇದು ಬಲು ಸುಲಭದ ಕೆಲಸ. ಐವತ್ತು ದಾಟಿದವರು ವರ್ಷಕ್ಕೊಮ್ಮೆ ದವಾಖಾನೆಯಿಂದ ಒಂದು ಪುಟ್ಟ ಡಬ್ಬಿ ತರಬೇಕು, ಅದರಲ್ಲಿ ಮಲದ ಮಾದರಿ ಹಾಕಿ ಹಿಂದಿರುಗಿಸಬೇಕು. ಅದರಲ್ಲಿ ರಕ್ತದ ಸುಳಿವು ಸಿಕ್ಕಿದರೆ ಮಾತ್ರ ಕರುಳಿನೊಳಗೆ ನಳಿಕೆ ಇಳಿಸಿ ನೋಡುವ ಕ್ಯಾಮೆರಾ ಪರೀಕ್ಷೆ. ಸುಲಭವೆನ್ನುವುದು ಡಬ್ಬಿಯನ್ನು ಮನೆಗೆ ತರುವವರೆಗೆ. ಮಲ್ಸುನ್ ವಾರಿಗೆಯ ಗೆಳತಿ ಯೊಂಗ್ರಾನ್, ದೋಣಿಕಟ್ಟೆಯ ಎದುರಿಗೆ ಅನ್ನದ ಸುರುಳಿ ಮಾರುವಾಕೆ, ತುಂಬಿದ ಡಬ್ಬಿಯನ್ನು ಕೆಡದಿರಲೆಂದು, ಎಲೆಕೋಸಿನ ಖಾರದ ಉಪ್ಪಿನಕಾಯಿ ಕಿಮ್ಚಿ ಇಡುವ ಫ್ರಿಜ್ಜಿನಲ್ಲಿಟ್ಟರು. ಬೆಳಿಗ್ಗೆ ಗಂಡ ಮುಚ್ಚಳ ತೆಗೆದು ಮೂಸಿ, "ಇದು ಯಾವ ಮೀನಿನ ಉಪ್ಪಿನಕಾಯಿ?" ಎಂದು ಕೇಳಿದರಂತೆ. "ತಿಂದಿಲ್ಲ ತಾನೇ, ಬಿಡು" ಎಂದು ಮಲ್ಸುನ್ ಸಮಾಧಾನ ಹೇಳಿದರು. ಯೊಂಗ್ರಾನ್‌ಗೆ ಏನೂ ತೊಂದರೆ ಇಲ್ಲವೆಂದು ಉತ್ತರ ಬಂತು. ಗಂಡ ಮಾತ್ರ ಆ ಫ್ರಿಜ್ಜಿನಿಂದ ಇಂದಿಗೂ ಏನನ್ನೂ ತಾವಾಗಿ ತೆಗೆದುಕೊಳ್ಳುವುದಿಲ್ಲ.

ಕಷ್ಟ ಬಂದದ್ದು ಗುಮ್ಸಿಮ್ ವಿಷಯದಲ್ಲಿ. ಗುಮ್ಸಿಮ್ ಸಂತೆಯಲ್ಲಿ ಒಣ ಬೂತಾಯಿ ಮೀನು ಮಾರುವಾಕೆ, ಮಲ್ಸುನ್‌ಗಿಂತ ಎರಡು ವರ್ಷ ದೊಡ್ಡವರು. ಎರಡು ವರ್ಷ ದೊಡ್ಡವರೆಂದರೆ ಇಲ್ಲಿ ಅಕ್ಕ, ಅಕ್ಕನಿಗೆ ಬುದ್ಧಿ ಹೇಳುವಂತಿಲ್ಲ, ಹೇಳಿದರೂ ಅಕ್ಕ ಕೇಳಬೇಕಾಗಿಲ್ಲ. ಡಬ್ಬಿಯನ್ನೇನೋ ಕೊಟ್ಟು ಬಂದಿದ್ದರು. ರಕ್ತದ ಸುಳಿವಿದೆ, ಕ್ಯಾಮೆರಾ ಪರೀಕ್ಷೆಗೆ ಬನ್ನಿ ಎಂದು ದವಾಖಾನೆಯಿಂದ ಫೋನ್ ಬಂತು. ಗುಮ್ಸಿಮ್ ಅದನ್ನು ಮುಚ್ಚಿಡಲಿಲ್ಲ. ತೊಟ್ಟಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ನಕ್ಕರು.

"ಮೂರು ಹೊತ್ತೂ ಮೆಣಸಿನ ಪುಡಿ ತಿನ್ನೋಳು ನಾನು. ಕೆಂಪಾಗದೆ ಬೆಳ್ಳಗೆ ಬರುತ್ತಾ? ಡಾಕ್ಟರಿಗೆ ಅಷ್ಟೂ ತಿಳಿಯಲ್ವಾ?"

"ಅಕ್ಕ, ಈ ಊರಲ್ಲಿ ಮೆಣಸು ತಿನ್ನದೋರು ಯಾರಿದ್ದಾರೆ? ಎಲ್ಲರಿಗೂ ಫೋನ್ ಬಂತಾ?" ಎಂದರು ಮಲ್ಸುನ್.

"ನೀನು ಬೆನ್ನು ನೋಡ್ಕೋ. ಹೊಟ್ಟೆ ನಂದು."

ಬೂತಾಯಿ ಸುಗ್ಗಿ ಮುಗಿಯಲಿ ಎಂದರು, ಮುಗಿಯಿತು. ಮೊಮ್ಮಗನ ಹುಟ್ಟುಹಬ್ಬ ಆಗಲಿ ಎಂದರು, ಆಯಿತು. ಚಳಿ ಬಂತು. ಪ್ರತಿ ವಾರ ಆ ಬೆನ್ನನ್ನು ಉಜ್ಜುವಾಗ ಮಲ್ಸುನ್‌ರ ಬೆರಳು ತಾನಾಗಿ ಮೂಳೆ ಹುಡುಕುತ್ತಿತ್ತು. ಕೊನೆಗೊಂದು ದಿನ ಅರ್ಧ ಬೆನ್ನು ಉಜ್ಜಿ ಕೈಬಿಟ್ಟರು. "ಇನ್ನರ್ಧ ಆಸ್ಪತ್ರೆಯಿಂದ ಬಂದ್ಮೇಲೆ." ಗುಮ್ಸಿಮ್ ಬೈದರು, ಮಂಚದ ಮೇಲೇ ಎದ್ದು ಕೂತರು, ಅರ್ಧ ಕೆಂಪಗೆ ಅರ್ಧ ಬೆಳ್ಳಗಿನ ಬೆನ್ನು ಹೊತ್ತು ಮನೆಗೆ ಹೋಗಿ ಮಾರನೆಯ ದಿನ ತಾರೀಖು ಗೊತ್ತು ಮಾಡಿಸಿಕೊಂಡು ಬಂದರು.

ತಾರೀಖು ಸಿಕ್ಕಿದ್ದು ಓಣಿಯವರೆಲ್ಲ ಸೇರಿ ಚಳಿಗಾಲದ ಕಿಮ್ಚಿ ಹಾಕುವ ವಾರದಲ್ಲಿ. ಪರೀಕ್ಷೆಗೆ ಮೂರು ದಿನ ಮೊದಲಿನಿಂದ ಬೀಜವಿರುವುದು, ನಾರಿರುವುದು ತಿನ್ನಬಾರದು. ಎಳ್ಳು, ಕಡಲಪಾಚಿ, ಕಿಮ್ಚಿ ಯಾವುದೂ ಕೂಡದು. ಅಂದರೆ ಇಲ್ಲಿನವರು ತಿನ್ನುವ ಯಾವುದೂ ಕೂಡದು. ಸ್ನಾನಗೃಹದ ವಾರದ ರಜೆಯ ದಿನ ಹಿತ್ತಿಲಲ್ಲಿ ಎಲೆಕೋಸಿನ ಬೆಟ್ಟ ಬಿದ್ದಿತ್ತು. ಗುಮ್ಸಿಮ್ ಬಂದೇ ಬಂದರು. "ಕೈಯಾಡಿಸ್ತೀನಿ ಅಷ್ಟೇ, ಬಾಯಾಡಿಸಲ್ಲ" ಎಂದರು. ಮಲ್ಸುನ್ ಬೆಳಗಿನಿಂದ ಕಾವಲು ಕಾದರು. ಅಕ್ಕನಿಗೆಂದೇ ಬೇರೆ ಪಾತ್ರೆಯಲ್ಲಿ ಬಿಳಿ ಗಂಜಿ ಕಾಯಿಸಿದರು. ಯೊಂಗ್ರಾನ್ ಬೇಯಿಸಿದ ಮಾಂಸದ ತಟ್ಟೆ ಚಾಚಿದಾಗ ಕೈಗೆ ಹೊಡೆದರು.

ಮಸಾಲೆ ಕಲಸಿದ ಮೇಲೆ ಉಪ್ಪು ನೋಡಬೇಕು. ಅದಕ್ಕೊಂದು ರೀತಿ ಇದೆ. ಕಲಸುವಾಕೆ ಎಲೆಕೋಸಿನ ಒಳಗಿನ ಹಳದಿ ಎಲೆಯನ್ನು ಕಿತ್ತು, ಮಸಾಲೆ ಸುತ್ತಿ, ಮೇಲೊಂದು ಚೂರು ಸಿಂಪಿಯ ಮಾಂಸ ಇಟ್ಟು ಪಕ್ಕದವಳ ಬಾಯಿಗೆ ತುರುಕಬೇಕು. ತಾನೇ ತಿಂದು ನೋಡಿಕೊಳ್ಳುವುದು ಎಲ್ಲಿಯೂ ಇಲ್ಲ. ಮಲ್ಸುನ್ ಕಿತ್ತರು, ಸುತ್ತಿದರು, ತಿರುಗಿದರು. ಪಕ್ಕದಲ್ಲಿದ್ದ ಬಾಯಿ ತಾನಾಗಿ ತೆರೆಯಿತು.

"ಉಪ್ಪು?"

"ಸ್ವಲ್ಪ ಕಮ್ಮಿ ಕಣೇ."

ಉಪ್ಪು ಹಾಕಿದರು, ಮತ್ತೊಂದು ಸುತ್ತಿ ಕೊಟ್ಟರು.

"ಈಗ?"

"ಈಗ ಹದ."

ಯೊಂಗ್ರಾನ್ ಮೆಣಸಿನ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದರು. "ಆಸ್ಪತ್ರೆ ನಾಡಿದ್ದು ಅಲ್ವಾ?"

ಗುಮ್ಸಿಮ್‌ರ ದವಡೆ ಮೆಲ್ಲಗೆ ನಿಂತಿತು, ಮತ್ತೆ ಮೆಲ್ಲಗೆ ಆಡಿತು. "ಎರಡೇ ತುತ್ತು. ಹೊಟ್ಟೆ ತೊಳೆಯೋ ಆ ಔಷಧಿ ನೀರು ಕುಡಿದ್ರೆ ಹಡಗೇ ಹೊರಗೆ ಹೋಗುತ್ತಂತೆ, ಇದೇನು ಮಹಾ."

ಹಡಗು ಹೋಗಿರಬಹುದು. ಮೆಣಸಿನ ಬೀಜ ಹೋಗಿರಲಿಲ್ಲ. ಕರುಳಿನ ಗೋಡೆಗೆಲ್ಲ ಬೀಜ ಅಂಟಿಕೊಂಡಿದೆ, ಏನೂ ಕಾಣುತ್ತಿಲ್ಲ ಎಂದು ಡಾಕ್ಟರು ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿ, ಇನ್ನೊಮ್ಮೆ ಬನ್ನಿ ಎಂದು ಕಳಿಸಿದರು. ಔಷಧಿ ಕುಡಿದು ರಾತ್ರಿಯಿಡೀ ಶೌಚಾಲಯಕ್ಕೆ ಓಡಾಡಿದ್ದೆಲ್ಲ ದಂಡವಾಯಿತು. ಗುಮ್ಸಿಮ್ ಇನ್ನು ಸತ್ತರೂ ಹೋಗುವುದಿಲ್ಲ ಎಂದರು. ಎಂದದ್ದಷ್ಟೇ ಅಲ್ಲ, ಸೇತುವೆಯಾಚೆಯ ಬೇರೆ ಸ್ನಾನಗೃಹಕ್ಕೆ ಹೋಗಿ ಬೆನ್ನುಜ್ಜಿಸಿಕೊಂಡು ಬಂದರು.

ಈ ಸುದ್ದಿ ತಂದವರು ಯೊಂಗ್ರಾನ್. ಮಲ್ಸುನ್ ಆ ದಿನ ಯಾರಿಗೂ ತಪಾಸಣೆಯ ಮಾತು ಹೇಳಲಿಲ್ಲ. ಹೆಂಗಸರು ಹಿಮ್ಮಡಿ ಉಜ್ಜಿಸಿಕೊಂಡು ಎದ್ದು, ಏನೋ ಬಾಕಿ ಉಳಿದಂತೆ ನಿಂತು ನೋಡಿ ಹೋದರು. ಮಧ್ಯಾಹ್ನ ಅವರು ಕೆಲಸ ಬಿಟ್ಟು ಒಣಮೀನಿನ ಅಂಗಡಿಯ ಮುಂದೆ ಹೋಗಿ ನಿಂತರು.

"ಅಕ್ಕ, ಬೆನ್ನು ತೋರಿಸು."

"ಸಂತೇಲಿ?"

"ಅಲ್ಲಿಯವಳು ಸವರಿ ಕಳಿಸ್ತಾಳೆ, ಉಜ್ಜಲ್ಲ. ಊರಿಗೇ ಗೊತ್ತು."

"ಸವರಿದ್ರೂ ಸುಮ್ಮನೆ ಸವರ್ತಾಳೆ. ಹೊಟ್ಟೆ ಕೆದಕಲ್ಲ. ಬಾಯಿಗೆ ಕಿಮ್ಚಿ ತುರುಕಲ್ಲ." ಗುಮ್ಸಿಮ್ ಬೂತಾಯಿ ಜರಡಿ ಹಿಡಿಯುತ್ತಲೇ ಇದ್ದರು. "ಆ ನೀರು ಹೇಗಿರುತ್ತೆ ಅಂತ ನಿನಗೇನು ಗೊತ್ತು? ಊರೆಲ್ಲ ಕುಡಿಸ್ತೀಯಲ್ಲ, ನೀನು ಒಂದು ಸಲ ಕುಡಿದಿದೀಯಾ?"

ಮಲ್ಸುನ್ ಕುಡಿದಿರಲಿಲ್ಲ. ಡಬ್ಬಿ ತಪ್ಪದೆ ಕೊಟ್ಟಿದ್ದರು, ಕ್ಯಾಮೆರಾದ ತಂಟೆಗೆ ಹೋಗಿರಲಿಲ್ಲ.

"ಕುಡೀತೀನಿ. ನಿನ್ನ ಜೊತೇಲೇ ಕುಡೀತೀನಿ. ಬರ್ತೀಯಾ?"

ಹೀಗೆ ಇಬ್ಬರೂ ಒಂದೇ ದಿನಕ್ಕೆ ಹೆಸರು ಬರೆಸಿದರು. ಮೂರು ದಿನ ಇಬ್ಬರೂ ಒಂದೇ ಪಾತ್ರೆಯ ಬಿಳಿ ಗಂಜಿ ಕುಡಿದು ಒಬ್ಬರನ್ನೊಬ್ಬರು ಕಾದರು. ಗುಮ್ಸಿಮ್ ಮನೆಯಲ್ಲಿರುವುದು ಒಂದೇ ಶೌಚಾಲಯ, ಮಗ ಸೊಸೆಯೂ ಅದಕ್ಕೇ ಸರತಿ ನಿಲ್ಲುವವರು. ಹಾಗಾಗಿ ರಜೆಯ ದಿನ ಸ್ನಾನಗೃಹದ ಬೀಗದ ಕೈ ಕೇಳಿ ಪಡೆದರು. ಅಲ್ಲಿ ಎರಡಿವೆ, ಅಕ್ಕಪಕ್ಕ, ನಡುವೆ ತೆಳು ಹಲಗೆಯ ಗೋಡೆ. ಪರೀಕ್ಷೆಯ ದಿನ ಬೆಳಕು ಹರಿಯುವ ಹೊತ್ತಿಗೆ ಕಡೆಯ ಬಾಟಲಿಯೂ ಖಾಲಿಯಾಗಿತ್ತು. ಅಂದು ನಡೆದ ಮಾತುಕತೆಯನ್ನು ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ, ಒಂದಕ್ಷರ ವ್ಯತ್ಯಾಸವಿಲ್ಲ.

"ಇದೀಯೇನೇ?"

"ಎಲ್ಲಿಗೆ ಹೋಗ್ಲಿ ಅಕ್ಕ."

"ಉಪ್ಪುನೀರಿಗೆ ನಿಂಬೆಹಣ್ಣು ಹಿಂಡಿ ಮೋಸ ಮಾಡಿದಾರೆ."

"ಹೂಂ."

"ಇಷ್ಟು ದಿನ ಎಲ್ಲರಿಗೂ ಸುಲಭ ಅಂತಿದ್ಯಲ್ಲ."

"ಇನ್ಮೇಲೆ ಅನ್ನಲ್ಲ."

ಸ್ವಲ್ಪ ಹೊತ್ತು ಯಾರಿಗೂ ಮಾತಿಗೆ ಬಿಡುವಿರಲಿಲ್ಲ. ಆಮೇಲೆ ಹಲಗೆಯ ಆಚೆಯಿಂದ ಗುಮ್ಸಿಮ್‌ರ ದನಿ, ಈ ಸಲ ಸಣ್ಣಗೆ.

"ಮಲ್ಸುನ್, ಏನಾದ್ರೂ ಸಿಕ್ಕಿಬಿಟ್ರೆ?"

"ಸಿಗಲಿ ಅಂತಲೇ ಅಲ್ವಾ ಅಕ್ಕ ಹೋಗ್ತಿರೋದು. ಸಿಗದೆ ಒಳಗೇ ಉಳಿದ್ರೆ ಕಷ್ಟ."

"ಭಯ ಆಗುತ್ತೆ ಕಣೇ."

"ನನಗೂ ಆಗ್ತಿದೆ. ಹಲಗೆ ಕೆಳಗಿಂದ ಕೈ ಕೊಡು."

"ಥೂ, ಈ ಕೈನಾ?"

ನಕ್ಕು ನಕ್ಕು ಇಬ್ಬರಿಗೂ ಮತ್ತೆ ತೊಂದರೆಯಾಯಿತಂತೆ.

ಮಲ್ಸುನ್ ಕರುಳಿನಲ್ಲಿ ಏನೂ ಇರಲಿಲ್ಲ. ಗುಮ್ಸಿಮ್ ಕರುಳಿನಲ್ಲಿ ಎರಡು ಗಂಟುಗಳಿದ್ದವು. ಎರಡನ್ನೂ ಅಲ್ಲಿಯೇ ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಕೇಳಲು ಇಬ್ಬರೂ ಮತ್ತೆ ಹೋದ ದಿನ ಗೊತ್ತಾಯಿತು, ದೊಡ್ಡದರ ತುದಿಯಲ್ಲಿ ಕ್ಯಾನ್ಸರ್ ಆಗಲೇ ಶುರುವಾಗಿತ್ತು. ಗಂಟಿನ ಬುಡಕ್ಕೆ ಇಳಿದಿರಲಿಲ್ಲ, ಪೂರ್ತಿ ಬಂದಿದೆ, ಹೊಟ್ಟೆ ಕೊಯ್ಯುವುದು ಬೇಡ, ಹೇಳಿದಾಗೆಲ್ಲ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದರು ಡಾಕ್ಟರು. ಇನ್ನೊಂದೆರಡು ವರ್ಷ ತಪ್ಪೆಲ್ಲ ಮೆಣಸಿನ ಮೇಲೆ ಹಾಕಿಕೊಂಡು ಕೂತಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಸೇರಿಸಿದರು. ಅದನ್ನು ಕೇಳಿ ಗುಮ್ಸಿಮ್ ಗಟ್ಟಿಯಾಗಿ ಕೂತಿದ್ದರು. ಮಲ್ಸುನ್ ಮಾತ್ರ ಆಸ್ಪತ್ರೆಯ ಅಂಗಳಕ್ಕೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಎಬ್ಬಿಸಿ, ಗಂಜಿ ಅಂಗಡಿಗೆ ಕರೆದುಕೊಂಡು ಹೋದವರು ಗುಮ್ಸಿಮ್.

ಈಗ ಸ್ನಾನಗೃಹದಲ್ಲಿ ಮಲ್ಸುನ್‌ಗೆ ಈ ವಿಷಯದಲ್ಲಿ ಮಾತಾಡಲು ಸರದಿಯೇ ಸಿಗುವುದಿಲ್ಲ. ತೊಟ್ಟಿಯ ನಡುವೆ ಕೂತ ಗುಮ್ಸಿಮ್ ಬಂದವರಿಗೆಲ್ಲ ತಮ್ಮ ಕರುಳಿನ ಕಥೆ ಹೇಳುತ್ತಾರೆ, ಗಂಟಿನ ಗಾತ್ರವನ್ನು ಬೆರಳಲ್ಲಿ ತೋರಿಸುತ್ತಾರೆ. ಗಾತ್ರ ವಾರದಿಂದ ವಾರಕ್ಕೆ ಬೆಳೆಯುತ್ತಿದೆ. "ನನಗೇ ಯಾಕೋ ಅನುಮಾನ ಬಂತು, ನಾನೇ ಹೋಗಿ ತೋರಿಸ್ಕೊಂಡೆ" ಎನ್ನುತ್ತಾರೆ. ಯೊಂಗ್ರಾನ್ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮಲ್ಸುನ್ ಬಕೆಟ್ಟಿನಿಂದ ನೀರು ಸುರಿದು ಮಂಚ ತೊಳೆಯುತ್ತಾ ಕೇಳಿಸಿಕೊಳ್ಳುತ್ತಾರೆ, ತಿದ್ದುವುದಿಲ್ಲ.

ನಿಮ್ಮ ಹೆಸರನ್ನೇ ಹೇಳುವುದಿಲ್ಲವಲ್ಲ ಎಂದರೆ, "ಅವಳು ಹೇಳಿದ್ರೆ ನಾಲ್ಕು ಜನ ಹೆದರಿ ಹೋಗ್ತಾರೆ, ಹೋಗ್ಲಿ ಬಿಡು" ಎಂದು ಒರಟು ಬಟ್ಟೆಯನ್ನು ಹಿಂಡುತ್ತಾರೆ. ನಿಮಗೆಂದು ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹಬೆಯಾಚೆ ಗುಮ್ಸಿಮ್ ಯಾರನ್ನೋ ಗದರುತ್ತಿರುವುದು ಕೇಳುತ್ತಿದೆ.

"ಈ ಓಣೀಲಿ ನನಗಿಂತ ದೊಡ್ಡೋರು ಅಂತ ಉಳಿದಿರೋದು ಅವಳೊಬ್ಬಳೇ. ಅವಳೂ ಹೋದ್ರೆ ಎಲ್ಲರಿಗೂ ನಾನೇ ಅಕ್ಕ ಆಗ್ಬೇಕು" ಎನ್ನುತ್ತಾರೆ ಮಲ್ಸುನ್. "ನನಗೆ ಇನ್ನೂ ಒಂದಷ್ಟು ವರ್ಷ ತಂಗಿಯಾಗಿ ಬೈಸ್ಕೊಂಡು ಇರೋ ಆಸೆ."