ಒದ್ದೆ ಸ್ಲಿಂಗ್

ಡೊಂಬಿವಲಿಯ ಎಂಐಡಿಸಿ ಬಡಾವಣೆಯ ಆ ಬಿಲ್ಡಿಂಗಿಗೆ ನಳದ ನೀರು ಬರುವುದು ನಸುಕಿನ ನಾಲ್ಕೂವರೆಗೆ. ಗಂಗಾ ಅದಕ್ಕೆ ಹತ್ತು ನಿಮಿಷ ಮೊದಲೇ ಏಳುವವಳು. ಕುಡಿಯುವ ನೀರಿಗೆ ಎರಡು ಕೊಡ, ಆಮೇಲೆ ಬಚ್ಚಲಿನ ಡ್ರಮ್ಮು, ಆಮೇಲೆ ಬಕೆಟುಗಳು. ನೆನೆಹಾಕಿದ ಬಟ್ಟೆ ಹಿಂಡಿ ಬಾಲ್ಕನಿಯ ಹಗ್ಗಕ್ಕೆ. ಇಡ್ಲಿ ಒಲೆಯ ಮೇಲೆ. ಕಾಯಿ ತುರಿದು ಚಟ್ನಿ, ಅದೂ ಸದ್ದಾಗದ ಹಾಗೆ ಮಿಕ್ಸಿಗೆ ಹಳೇ ಟವೆಲು ಸುತ್ತಿ. ಗಂಡನ ಡಬ್ಬಿ, ಮಗಳ ಡಬ್ಬಿ. ಕೊನೆಗೆ ನೆಲ.

ಇಷ್ಟನ್ನೂ ಅವಳು ದೀಪ ಹಾಕದೆ ಮಾಡುತ್ತಿದ್ದಳು. ಗಂಡ ಮುರಾರಿ ಮಲಗುವುದು ಹಾಲಿನಲ್ಲಿ. ಅಡುಗೆಮನೆಯ ಟ್ಯೂಬ್‌ಲೈಟು ನೇರ ಅವನ ಮುಖಕ್ಕೆ ಬೀಳುತ್ತದೆ. ಅವಳು ಮದುವೆಯಾಗಿ ಹಿರಿಯಡ್ಕದಿಂದ ಬಂದ ಮೊದಲ ವಾರದಲ್ಲೇ ಅವನು ಒಮ್ಮೆ ಮುಸುಕು ಸರಿಸಿ ಗೊಣಗಿದ್ದ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಗ್ಯಾಸಿನ ನೀಲಿ ಉರಿಯೇ ಬೆಳಕು.

ಜೂನ್ ತಿಂಗಳಲ್ಲಿ ಆ ಕತ್ತಲೆಯಲ್ಲೇ, ತುಂಬಿದ ಕೊಡದ ಸಮೇತ ಜಾರಿ ಬಲಭುಜದ ತುದಿಯ ಮೇಲೆ ಬಿದ್ದಳು. ಕಲ್ಯಾಣದ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಕೊರಳೆಲುಬು ಭುಜಕ್ಕೆ ಸೇರುವ ಕಡೆ ಎಲುಬನ್ನು ಬಿಗಿದಿಡುವ ಕಟ್ಟು ಹರಿದಿದೆ ಎಂದರು. ಎಲುಬಿನ ತುದಿ ಚರ್ಮದ ಕೆಳಗೆ ಗುಬ್ಬಿಯ ತಲೆಯಂತೆ ಎದ್ದು ನಿಂತಿತ್ತು. ಅವರು ಬೆರಳಿಟ್ಟು ಒತ್ತಿದರು, ಒಳಗೆ ಹೋಯಿತು. ಬೆರಳು ತೆಗೆದರು; ಮತ್ತೆ ಎದ್ದಿತು. ಯಾರೋ ಒಳಗಿನಿಂದ ತಳ್ಳಿದ ಹಾಗೆ.

"ಆಪರೇಷನ್ ಇಲ್ಲದೆಯೂ ಬಹಳ ಜನಕ್ಕೆ ಸರಿಹೋಗ್ತದೆ. ಮೂರು ವಾರ ಸ್ಲಿಂಗು, ಐಸು, ಜೊತೆಗೆ ಹಗುರ ವ್ಯಾಯಾಮ. ಆದರೆ ಭಾರ ಎತ್ತಲೇಬಾರದು. ಎತ್ತಿದರೆ ಪ್ಲೇಟ್ ಹಾಕಬೇಕಾಗಬಹುದು."

ಠಾಣೆಯ ಕೋಪರಿಯಲ್ಲಿ ಒಂದು ಶಾಕಾಹಾರಿ ಹೋಟೆಲಿನ ಕ್ಯಾಪ್ಟನ್ ಆಗಿದ್ದ ಮುರಾರಿ, "ಮೂರು ವಾರ ತಾನೇ, ನಾವು ನೋಡಿಕೊಳ್ತೇವೆ" ಎಂದ.

ನೋವಿನ ಗುಳಿಗೆಗೆ ಗಂಗಾ ಆರೂವರೆವರೆಗೆ ಮಲಗತೊಡಗಿದಳು. ಎದ್ದಾಗ ಗಂಡ ಹೋಗಿಯಾಗಿರುತ್ತಿತ್ತು. ಡ್ರಮ್ಮು ತುಂಬಿರುತ್ತಿತ್ತು. ಚಟ್ನಿಯೂ ಆಗಿರುತ್ತಿತ್ತು. ಊರಿನ ಗೆಳತಿ ಅಕ್ಕುವಿಗೆ ಫೋನು ಮಾಡಿ ಹೇಳಿಕೊಂಡಳು. ಅಕ್ಕು ಟಿಟ್ವಾಳಾದ ಒಂದು ಶಾಲೆಯಲ್ಲಿ ಆಯಾ, ಒಬ್ಬಳೇ ಇರುವವಳು.

"ಮುರಾರಿ ಭಾವ ಕಾಯಿ ತುರಿದರಾ? ಜ್ವರ ಗಿರ ಬಂದಿದೆಯಾ ನೋಡು ಮಾರಾಯ್ತಿ!"

"ಸಾಕು ಸುಮ್ನಿರು. ಗಂಡಸರೂ ಬದಲಾಗ್ತಾರೆ."

"ಹಾಗಾದ್ರೆ ನಂಗೂ ಅಂಥದ್ದೊಂದು ಹುಡುಕು. ಅಲ್ಲಿವರೆಗೆ ಬೇಜಾರಾದ್ರೆ ಬಾ ಇಲ್ಲಿಗೆ. ನಾನು ಮೆಸ್ಸಿನ ಡಬ್ಬಿ ತಿನ್ನುವವಳು, ಒಲೆಯೇ ಹಚ್ಚುದಿಲ್ಲ."

ಹತ್ತನೇ ದಿನ ಗಂಗಾ ಎದ್ದಾಗ ಸ್ಲಿಂಗಿನ ಬಟ್ಟೆ ತಣ್ಣಗಿತ್ತು. ಹಿಂಡಿದರೆ ನೀರು ಬಂತು. ಉಗುರಿನ ಸಂದಿಯಲ್ಲಿ ಬಿಳಿಯದೇನೋ ಅಂಟಿತ್ತು. ಮೂಸಿದಳು. ಹಸಿ ಕಾಯಿ.

ಆ ದಿನ ಕಲ್ಯಾಣದ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಅನುಷ್ಕಾ ಭುಜ ಮುಟ್ಟಿ ಹುಬ್ಬೇರಿಸಿದಳು. "ಊತ ಜಾಸ್ತಿಯಾಗಿದೆ ಕಾಕೂ. ಏನು ಎತ್ತಿದಿರಿ?"

"ಒಂದು ಲೋಟವನ್ನೂ ಎತ್ತಿಲ್ಲ" ಎಂದಳು ಗಂಗಾ. ಹೇಳುತ್ತಲೇ ಉಗುರುಗಳನ್ನು ಅಂಗೈಯೊಳಗೆ ಮಡಚಿಕೊಂಡಳು.

ಸಂಜೆ ಗಂಡನನ್ನು ಕೇಳಿದಳು, "ನೀರು ಯಾರು ತುಂಬಿಸುದು?"

"ನೀನೇ. ಮತ್ಯಾರು?"

ಮಗಳು ತನ್ವಿ ಮೊಬೈಲಿನಿಂದ ತಲೆಯೆತ್ತಿದಳು. "ಮಮ್ಮಿ, ತೂಹೀ ತೋ ಉಠ್‌ತೀ ಹೈ. ನೀನೇ ಅಲ್ವಾ ಏಳುದು."

"ನಾನು ನಿದ್ದೆಯಲ್ಲಿದ್ದೆ!"

ಮುರಾರಿ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ನಂಗೆ ಹೇಗೆ ಗೊತ್ತಾಗಬೇಕು? ಕತ್ತಲೆಯಲ್ಲಿ ಓಡಾಡ್ತಿದ್ದಿ, ಯಾವಾಗಿನ ಹಾಗೆ. ಡಬ್ಬಿ ಕೈಗೆ ಕೊಟ್ಟಿ."

"ಮಾತಾಡಿದೆನಾ?"

"ಬೆಳಿಗ್ಗೆ ನೀನು ಯಾವತ್ತು ಮಾತಾಡಿದ್ದುಂಟು?"

"ಸ್ಲಿಂಗು?"

"ಕುತ್ತಿಗೆಯಲ್ಲಿ ನೇತಾಡ್ತಿತ್ತು. ಗುಣ ಆಯ್ತು ಅಂದುಕೊಂಡೆ."

ಹತ್ತು ದಿನ ತನ್ನ ಕೈ ತನ್ನನ್ನು ಬಿಟ್ಟು ಎದ್ದು ಹೋಗಿತ್ತು. ಹರಿದ ಕಟ್ಟಿನ ಮೇಲೆ ಹದಿನೈದು ಲೀಟರಿನ ಕೊಡ ಎತ್ತಿತ್ತು. ನೋವಾದಾಗ ಅವಳು ಕೂಗಿರಲಾರಳು; ಬೆಳಗಿನ ಹೊತ್ತು ಸದ್ದು ಮಾಡಬಾರದೆಂದು ಆ ದೇಹಕ್ಕೂ ಗೊತ್ತಿತ್ತು.

ಮುರಾರಿ ಕೆಟ್ಟವನಲ್ಲ. ಆ ರಾತ್ರಿ ತಾಯಿ ಮಗಳು ಮಲಗುವ ಕೋಣೆಗೆ ಹೊರಗಿಂದ ತಾನೇ ಚಿಲಕ ಹಾಕಿದ, ನಾಲ್ಕೂ ಇಪ್ಪತ್ತಕ್ಕೆ ತನ್ನ ಮೊಬೈಲಿನಲ್ಲಿ ಅಲಾರ್ಮ್ ಇಟ್ಟ. "ನಾಳೆಯಿಂದ ನೀರು ನನ್ನದು."

ಬೆಳಿಗ್ಗೆ ಆರೂವರೆಗೆ ಗಂಗಾ ಕಣ್ಣುಬಿಟ್ಟಾಗ ಬಾಗಿಲು ತೆರೆದಿತ್ತು. ಡ್ರಮ್ಮು ಕಂಠದವರೆಗೆ ತುಂಬಿತ್ತು. ಎದೆಯ ಮೇಲೆ ಸ್ಲಿಂಗು ಒದ್ದೆ.

ಗಂಡನಿಗೆ ಫೋನು ಮಾಡಿದಳು. ಹಿಂದೆ ಹೋಟೆಲಿನ ತಟ್ಟೆಗಳ ಸದ್ದು.

"ನೀನು ಒಳಗಿಂದ ಬಾಗಿಲು ಬಡಿದಿ ಮಾರಾಯ್ತಿ. ಮೆಲ್ಲಗೆ, ಒಂದೇ ಸಮ. ತನ್ವಿ ಎದ್ದಾಳು ಅಂತ ತೆಗೆದೆ."

"ತೆಗೆದು?"

ಅವನು ಯಾವುದೋ ಟೇಬಲ್ಲಿಗೆ ನೀರು ಇಡಲು ಹೇಳಿ ಫೋನಿಗೆ ಮರಳಿದ.

"ನೀನು ನಳದ ಹತ್ತಿರ ಹೋದಿ. ನಂಗೆ ಇನ್ನೂ ಒಂದು ಗಂಟೆ ನಿದ್ದೆ ಇತ್ತು."

ಮಧ್ಯಾಹ್ನ ಕಲ್ಯಾಣದಲ್ಲಿ ಅನುಷ್ಕಾ ಡಾಕ್ಟರನ್ನೇ ಕರೆದು ತೋರಿಸಿದಳು. ಅವರು ಒತ್ತಿದರು, ಬಿಟ್ಟರು. ಎಲುಬು ಮೊದಲಿಗಿಂತ ಎತ್ತರಕ್ಕೆ ನೆಗೆಯಿತು. "ಇದೇ ಕೊನೆಯ ಅವಕಾಶ. ಇನ್ನು ಮೂರು ವಾರ ಈ ಕೈ ಏನೂ ಮಾಡಕೂಡದು. ಇಲ್ಲದಿದ್ದರೆ ಕೊಯ್ಯಬೇಕಾಗ್ತದೆ."

ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಲ್ಲೇ ಗಂಗಾಳಿಗೆ ಜೋಂಪು ಹತ್ತಿತು. ಪಕ್ಕದ ಹೆಂಗಸು ತೋಳು ತಟ್ಟಿ ಏನೋ ಕೇಳಿದಳು. ಕಣ್ಣುಬಿಟ್ಟು ನೋಡಿದರೆ ಸ್ಲಿಂಗಿನಿಂದ ಹೊರಬಂದ ಕೈ ಆ ಹೆಂಗಸಿನ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿದಳು.

ಡೊಂಬಿವಲಿ ಕಡೆಯ ಲೋಕಲ್ ಬಂತು. ಅವಳು ಏಳಲಿಲ್ಲ. ಆ ಮನೆಯಲ್ಲಿ ನಳದವರೆಗಿನ ಹೆಜ್ಜೆಗಳು ಅವಳ ಪಾದಕ್ಕೆ ಬಾಯಿಪಾಠ. ಚಿಲಕ ತೆಗೆಯುವವರೂ ಇದ್ದರು. ಟಿಟ್ವಾಳಾದ ಅಕ್ಕುವಿನ ಕೋಣೆಗೆ ಅವಳು ಒಮ್ಮೆಯೂ ಹೋದವಳಲ್ಲ. ಅಲ್ಲಿನ ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಈ ಕೈಗೂ ಕಾಲಿಗೂ ಗೊತ್ತಿಲ್ಲ.

ಯಾರನ್ನೂ ಕೇಳಲಿಲ್ಲ. ಎಡಗೈಯಿಂದ ಸ್ಲಿಂಗಿನ ಪಟ್ಟಿ ಬಿಗಿದುಕೊಂಡು, ಸೇತುವೆ ಹತ್ತಿ ಆಚೆಯ ಪ್ಲಾಟ್‌ಫಾರ್ಮಿಗೆ ಇಳಿದಳು. ಟಿಟ್ವಾಳಾ ಲೋಕಲ್ ನಿಂತಿತ್ತು. ಹತ್ತಿದಳು.