ನಮ್ಮ ಪತ್ರಿಕೆಗೆ ಬಿದ್ದ ಬೀಗ

ನಮ್ಮ ಕಾಲೇಜಿನ ವ್ಯವಹಾರ ಅರ್ಥಶಾಸ್ತ್ರದ ಪತ್ರಿಕೆ ಮೊದಲು ಕನ್ನಡದಲ್ಲಿ ಅಚ್ಚಾಗುತ್ತಿತ್ತು. ಲಿಂಗಸುಗೂರಿನಿಂದ ಬಸ್ಸಿನಲ್ಲಿ ಹೊತ್ತೊಯ್ದು ಸಿಂಧನೂರಿನ ವ್ಯಾಪಾರಸ್ಥರಿಗೆ ನಾನೇ ಹಂಚುತ್ತಿದ್ದೆ. ಈಗ ಅದು ಇಂಗ್ಲಿಷಿನಲ್ಲಿ, ಅಂತರ್ಜಾಲದಲ್ಲಷ್ಟೇ ಬರುತ್ತದೆ. ನಾನು ಹೆಸರಿಗೆ ಸಂಪಾದಕ. ಲೇಖನ ಆರಿಸುವುದು, ಪತ್ರಿಕೆ ನಡೆಸುವುದು ಎಲ್ಲ ಹೊರಗಿನ ಪ್ರಕಾಶಕರದು.

ಹೋದ ತಿಂಗಳು ಸಿಂಧನೂರಿನ ಖಾದರ್ ಸಾಹೇಬರು ತಮ್ಮ ಅಕ್ಕಿ ಮಿಲ್ಲು ಮುಚ್ಚಿದರು. ಆ ಮಿಲ್ಲಿನ ಮೇಲೆಯೇ ನಮ್ಮಲ್ಲೊಂದು ಲೇಖನ ಬಂದಿದೆಯೆಂದು ತಿಳಿದು, ಕನ್ನಡದಲ್ಲಿ ಓದಿ ಹೇಳೋಣವೆಂದು ಹೋದೆ. ಖಾಲಿ ಗೋದಾಮಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದರೆ ಮಿಲ್ಲಿನ ಹೆಸರು ಕಂಡಿತು, ಅದರ ಕೆಳಗೆ ಬೀಗದ ಚಿತ್ರ.

"ಏನಾತ್ರಿ ಸರ?"

"ಓಪನ್ ಆಗವಲ್ದು ಸಾಹೇಬ್ರ. ಚಂದಾ ಕಟ್ಟಿದವ್ರಿಗೆ ಮಾತ್ರ ಅಂತ."

"ಮಿಲ್ಲು ನಂದು, ಪತ್ರಿಕಿ ನಿಮ್ದು. ಮತ್ತ ಕೀಲಿ ಯಾರ ಕೈಯಾಗ ಐತ್ರಿ?"

ನಾನು ಮೊಬೈಲು ಜೇಬಿಗಿಳಿಸಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

"ಹೋಗ್ಲಿ ಬಿಡ್ರಿ. ನನ್ನ ಮಿಲ್ಲು ಯಾಕ ನಿಂತಿತು ಅಂತ ಅದರಾಗರ ಬರದಿರ್ತಾರ ಅನ್ಕೊಂಡಿದ್ದೆ," ಎಂದು ಎದ್ದು ಹೊರಬಂದು ಗೋದಾಮಿನ ಶಟರ್ ಎಳೆದರು.

ಮರಳುವಾಗ ಬಸ್ಸು ಮಸ್ಕಿ ದಾಟುವ ಹೊತ್ತಿಗೆ ಪ್ರಕಾಶಕರ ಸಂದೇಶ ಬಂತು. ಪತ್ರಿಕೆ ಈಗ ಜಗತ್ತಿನ ಮೂಲೆಮೂಲೆಯನ್ನೂ ತಲುಪುತ್ತಿದೆಯಂತೆ, ಅಭಿನಂದನೆಯಂತೆ. ಸಿಂಧನೂರಿಗೆ ಇನ್ನೂ ಮೂಲೆಯಾಗುವ ಭಾಗ್ಯವೂ ಬಂದಿಲ್ಲವೆಂದು ಕಾಣುತ್ತದೆ.