ತೇಲುಮರದ ಮೇಲೆ ಕೂತವರು

ನಮ್ಮನ್ನು ದಡ ಮುಟ್ಟಿಸಿದ ಜಲದೇವತೆಗೆ ಮೊದಲು ನಮಸ್ಕಾರ.

ಮಡಿವಾಳ ಕೆರೆಯ ದಡದಲ್ಲಿ ಎರಡು ದೋಣಿಗಳಿದ್ದವು: ಸರ್ಫ್‌ಸ್ಕೀ ಎಂಬ ಕಿರಿದಾದ, ವೇಗದ ದೋಣಿ, ಮಗುಚದಿರಲೆಂದು ಪಕ್ಕಕ್ಕೆ ತೇಲುಮರ ಕಟ್ಟಿದ ಇನ್ನೊಂದು. ನಾನು ಮೊದಲನೆಯದರತ್ತ ನಡೆದೆ.

“ಈ ವಯಸ್ಸಲ್ಲಿ ರೇಸ್ ಬೇಕಾ ನಿಮಗೆ? ನಂಗೆ ಈಜು ಬರಲ್ಲ ರೀ,” ಎಂದು ನನ್ನಾಕೆ ಎರಡನೆಯದರಲ್ಲಿ ಕುಳಿತೇಬಿಟ್ಟಳು. ನಾನೂ ಅದನ್ನೇ ಹತ್ತಿ ಹುಟ್ಟು ಹಿಡಿದೆ.

ಕೆರೆಯ ನಡುವೆ ಬಿರುಗಾಳಿ ಎದ್ದಿತು. ತೇಲುಮರ ನೀರಿನಿಂದ ಮೇಲೆದ್ದು ದೋಣಿ ಮಗುಚುವಂತಾಯಿತು. ಇಷ್ಟದೈವವನ್ನು ಸ್ಮರಿಸಿದೆ. ಯಾರೋ ಬಂದು ಕುಳಿತಂತೆ ಆ ಮರ ಮೆಲ್ಲಗೆ ನೀರಿಗಿಳಿಯಿತು. ದಡದವರೆಗೂ ಮತ್ತೆ ಮೇಲೇಳಲಿಲ್ಲ.

ದಡದಲ್ಲೇ ನಿಂತು ನಮ್ಮನ್ನು ನೋಡುತ್ತಿದ್ದ ದೋಣಿಯವನು ನಮ್ಮ ಹಿಂದೆ ಕಣ್ಣಾಡಿಸಿದ. “ಸಾರ್, ಆ ಮರದ ಮೇಲೆ ಒಬ್ರು ಅಮ್ಮ ಕೂತಿದ್ರಲ್ಲ, ಅವ್ರೆಲ್ಲಿ ಇಳಿದ್ರು?”

ಇಂದಿಗೂ ಬಸ್ಸು ಆ ಕೆರೆಯ ಪಕ್ಕ ಹಾದುಹೋಗುವಾಗ ಕೈ ಜೋಡಿಸುತ್ತೇನೆ. ದೋಣಿಯವನಿಗೂ, ನನ್ನಾಕೆಗೂ, ಯಾರೇ ಆಗಿರಲಿ, ನಾವು ಕಾಣದ ಆ ತಾಯಿಗೂ ಒಳಿತಾಗಲಿ.